ಒಂದು ಎಲೆಕ್ಟ್ರಾನ್, ಎರಡು ಪ್ರೋಟಾನ್: ಮೂರನೇ ವಾರದ ಲೆಕ್ಕ

ಶಕ್ತಿಯ ಗ್ರಾಫ್ ಕೊನೆಗೂ ಸರಿಯಾಗಿ ಬಂತು. ಎರಡು ಪ್ರೋಟಾನ್‌ಗಳನ್ನು ದೂರದಿಂದ ಹತ್ತಿರಕ್ಕೆ ತರುತ್ತಾ ಹೋದರೆ ಒಟ್ಟು ಶಕ್ತಿ ನಿಧಾನವಾಗಿ ಇಳಿಯುತ್ತದೆ, 2.5 ಬೋರ್ (ಪರಮಾಣುಗಳ ಮಟ್ಟದ ಉದ್ದದ ಅಳತೆ) ಆಸುಪಾಸಿನಲ್ಲಿ ತಳ ಮುಟ್ಟುತ್ತದೆ, ಆಮೇಲೆ ಕಡಿದಾಗಿ ಏರುತ್ತದೆ. ಆ ತಳವೇ ರಾಸಾಯನಿಕ ಬಂಧ. ನಾನೇ ಬರೆದ ಪೈಥಾನ್ ಪ್ರೋಗ್ರಾಂನಲ್ಲಿ ಅದನ್ನು ಕಂಡಾಗ ಆದ ಖುಷಿ ಇನ್ನೂ ಇಳಿದಿಲ್ಲ.

ನಾನು ಹಿಡಿದಿರುವುದು ಅತಿ ಸರಳವಾದ ಅಣು: ಹೈಡ್ರೋಜನ್ ಅಣುವಿನಿಂದ ಒಂದು ಎಲೆಕ್ಟ್ರಾನ್ ತೆಗೆದರೆ ಉಳಿಯುವ ಅಯಾನು. ಎಡಗಡೆಯ ಪರಮಾಣುವಿನ 1ಎಸ್ ತರಂಗಕ್ಕೆ (ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನಿನ ಅತಿ ಕಡಿಮೆ ಶಕ್ತಿಯ ಸ್ಥಿತಿ) ಬಲಗಡೆಯದನ್ನು ಕೂಡಿಸಿ, ಆ ಮೊತ್ತವನ್ನೇ ಎಲೆಕ್ಟ್ರಾನಿನ ತರಂಗ ಎಂದು ಇಟ್ಟುಕೊಂಡೆ. ಕೂಡಿಸುವ ಬದಲು ಕಳೆದರೆ ತಳವೇ ಸಿಗುವುದಿಲ್ಲ, ಪ್ರೋಟಾನ್‌ಗಳು ದೂರ ಸರಿಯುತ್ತವೆ. ಅದನ್ನೂ ಓಡಿಸಿ ನೋಡಿದೆ.

ಕಳೆದ ವಾರ ಪರದೆ ತುಂಬಾ ‘ನ್ಯಾನ್’ (ಉತ್ತರ ಸಂಖ್ಯೆಯೇ ಅಲ್ಲ ಎಂಬ ಸೂಚನೆ) ಬರುತ್ತಿತ್ತು, ಅದರ ಕಾರಣ ಸಿಕ್ಕಿತು. ಲೆಕ್ಕ ಹಾಕುವ ಬಿಂದುಗಳ ಜಾಲ, ಅಂದರೆ ಗ್ರಿಡ್‌ನ ಒಂದು ಬಿಂದು ಸರಿಯಾಗಿ ಪ್ರೋಟಾನ್ ಮೇಲೆಯೇ ಕೂತಿತ್ತು. ಅಲ್ಲಿ ದೂರ ಸೊನ್ನೆ, ಸೊನ್ನೆಯಿಂದ ಭಾಗಾಕಾರ. ಇಡೀ ಗ್ರಿಡ್ಡನ್ನು ಅರ್ಧ ಮನೆ ಪಕ್ಕಕ್ಕೆ ಸರಿಸಿದೆ, ಸರಿಹೋಯಿತು.

ಈಗ ಮುಖ್ಯ ವಿಷಯ. ಬಂಧ ಯಾಕೆ ಆಗುತ್ತದೆ ಎಂದರೆ, ಎಲೆಕ್ಟ್ರಾನ್ ನಡುವೆ ಬಂದು ಎರಡೂ ಪ್ರೋಟಾನ್‌ಗಳನ್ನು ಎಳೆದು ಹಿಡಿಯುತ್ತದೆ ಎಂದೇ ನಾನು ಓದಿದ್ದು. ಅಂದರೆ ಪ್ರಚ್ಛನ್ನ ಶಕ್ತಿ ಇಳಿಯಬೇಕು. ನಿಜವೇ ಎಂದು ನೋಡಲು ಚಲನ ಶಕ್ತಿಯನ್ನೂ ಪ್ರಚ್ಛನ್ನ ಶಕ್ತಿಯನ್ನೂ ಬೇರೆ ಬೇರೆ ಅಚ್ಚುಹಾಕಿಸಿದೆ. ದೂರದಲ್ಲಿರುವಾಗ ಚಲನ ಶಕ್ತಿ 0.5 ಹಾರ್ಟ್ರಿ (ಪರಮಾಣು ಲೆಕ್ಕದಲ್ಲಿ ಬಳಸುವ ಶಕ್ತಿಯ ಅಳತೆ), ಪ್ರಚ್ಛನ್ನ ಶಕ್ತಿ −1. ತಳದಲ್ಲಿ ಚಲನ ಶಕ್ತಿ 0.383, ಪ್ರಚ್ಛನ್ನ ಶಕ್ತಿ −0.948. ಪ್ರಚ್ಛನ್ನ ಶಕ್ತಿ ಇಳಿಯುವ ಬದಲು ಏರಿದೆ! ಬಂಧ ಉಳಿದಿರುವುದು ಚಲನ ಶಕ್ತಿ ಅದಕ್ಕಿಂತ ಹೆಚ್ಚು ಇಳಿದದ್ದರಿಂದ.

ಎರಡು ದಿನ ತಪ್ಪು ಹುಡುಕಿದೆ. ತಪ್ಪಿರಲಿಲ್ಲ. ಎಲೆಕ್ಟ್ರಾನ್ ಎಲ್ಲಿ ಎಷ್ಟಿದೆ ಎಂಬ ಸಾಂದ್ರತೆಯನ್ನು ಬಿಂದು ಬಿಂದುವಾಗಿ ನೋಡಿದಾಗ ಅರ್ಥವಾಯಿತು. ತರಂಗಗಳು ಬೆರೆಯದೆ ಎಲೆಕ್ಟ್ರಾನ್ ಎರಡೂ ಕಡೆ ಅರ್ಧರ್ಧ ಇದ್ದಿದ್ದರೆ ಎಷ್ಟಿರುತ್ತಿತ್ತೋ, ಅದಕ್ಕಿಂತ ನಟ್ಟನಡುವೆ ಶೇ. 37ರಷ್ಟು ಹೆಚ್ಚಿದೆ. ಪ್ರೋಟಾನ್ ಇರುವ ಜಾಗದಲ್ಲಿ ಶೇ. 20ರಷ್ಟು ಕಡಿಮೆ. ಎಳೆತ ಅತಿ ಜೋರಾಗಿರುವುದು ಪ್ರೋಟಾನಿನ ಮಗ್ಗುಲಲ್ಲೇ, ನಡುವೆ ಅಲ್ಲ. ಅಲ್ಲಿಂದ ಎದ್ದು ಬರುವುದಕ್ಕೆ ಬೆಲೆ ತೆರಬೇಕು. ಲಾಭ ಬೇರೆ ಕಡೆಯಿಂದ: ಎಲೆಕ್ಟ್ರಾನಿಗೆ ಓಡಾಡಲು ಜಾಗ ಹಿರಿದಾಯಿತು, ತರಂಗದ ಇಳಿಜಾರು ತಗ್ಗಿತು, ಚಲನ ಶಕ್ತಿ ಇಳಿಯಿತು. ವಿಜ್ಞಾನಿ ಹಾನ್ಸ್ ಹೆಲ್ಮನ್ 1933ರಲ್ಲೇ ಈ ದಿಕ್ಕಿನಲ್ಲಿ ಯೋಚಿಸಿದ್ದರು. 1962ರಲ್ಲಿ ಕ್ಲಾಸ್ ರೂಡನ್‌ಬರ್ಗ್ ಇದನ್ನು ವಿವರವಾಗಿ ಬಿಡಿಸಿಟ್ಟರು.

ಕಥೆ ಅಲ್ಲಿಗೇ ನಿಲ್ಲಲಿಲ್ಲ. ನನ್ನ ಬಂಧದ ಬಲ, ಅಂದರೆ ಅದನ್ನು ಮುರಿಯಲು ಬೇಕಾದ ಶಕ್ತಿ, 1.76 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಇನ್ನೊಂದು ಅಳತೆ), ನಿಖರ ಉತ್ತರ 2.79; ಅಂತರವೂ 2.5 ಅಲ್ಲ, 2.0 ಬೋರ್. 1ಎಸ್ ತರಂಗ ಕುಗ್ಗಲು ಹಿಗ್ಗಲು ಬಿಟ್ಟೆ. ತರಂಗ ಎಷ್ಟು ಬಿಗಿ ಎಂದು ಹೇಳುವ ಘಾತಾಂಕ 1ರಿಂದ 1.24ಕ್ಕೆ ಹೋಗಿ ನಿಂತಿತು (ಹೆಚ್ಚಿದಷ್ಟೂ ಬಿಗಿ), ಬಲ 2.35ಕ್ಕೆ ಏರಿತು, ಅಂತರ ಕರಾರುವಾಕ್ಕಾಗಿ 2.0ಕ್ಕೆ ಬಂತು. ಈಗ ಚಲನ ಶಕ್ತಿ 0.588, ಪ್ರಚ್ಛನ್ನ ಶಕ್ತಿ −1.175. ಪ್ರಚ್ಛನ್ನ ಶಕ್ತಿಯ ಗಾತ್ರ ಚಲನ ಶಕ್ತಿಯ ಎರಡರಷ್ಟಿರಬೇಕು ಎಂದು ವಿರಿಯಲ್ ಪ್ರಮೇಯ ಕೇಳುವ 2ರ ಅನುಪಾತ ಸಿಕ್ಕಿತು, ನಾನು ಓದಿದ ‘ಪ್ರಚ್ಛನ್ನ ಶಕ್ತಿ ಇಳಿಯುತ್ತದೆ’ ಎಂಬ ಮಾತೂ ನಿಜವಾಯಿತು. ಆದರೆ ಅದು ಎರಡನೇ ಹೆಜ್ಜೆ. ಹಂಚಿಕೊಂಡು ಸಡಿಲವಾದ ಮೇಲೆಯೇ ಎಲೆಕ್ಟ್ರಾನ್ ಪ್ರೋಟಾನ್‌ಗಳ ಹತ್ತಿರ ಮತ್ತೆ ಬಿಗಿಯಾಗಿ ಸೇರಿಕೊಳ್ಳುತ್ತದೆ. ಕೊನೆಯ ಅಂಕಿ ಮಾತ್ರ ನೋಡಿದ್ದರೆ ಮೊದಲ ಹೆಜ್ಜೆ ನನಗೆ ಕಾಣುತ್ತಲೇ ಇರಲಿಲ್ಲ.

ಮುಂದಿನದು ಎರಡು ಎಲೆಕ್ಟ್ರಾನಿನ ಹೈಡ್ರೋಜನ್ ಅಣು, 1927ರಲ್ಲಿ ಹೈಟ್ಲರ್ ಮತ್ತು ಲಂಡನ್ ಮಾಡಿದ ಲೆಕ್ಕ. ಎಲೆಕ್ಟ್ರಾನ್‌ಗಳು ಜಾಗ ಅದಲುಬದಲಾಗುವ ಇಂಟಿಗ್ರಲ್ ಒಂದೇ ಬಾಕಿ. ಆ ವಿಧಾನಕ್ಕೆ ಸುಮಾರು 3.14 ಎಲೆಕ್ಟ್ರಾನ್ ವೋಲ್ಟ್ ಬರಬೇಕು, ಪ್ರಯೋಗದ ಬೆಲೆ 4.75. ನಿನ್ನೆ ರಾತ್ರಿ ನನಗೆ ಬಂದದ್ದು ಋಣ ಸಂಖ್ಯೆ. ಎಲ್ಲೋ ಒಂದು ಚಿಹ್ನೆ ತಿರುಗಿದೆ, ಇವತ್ತು ಅಲ್ಲಿಂದಲೇ ಶುರು.