ಗೋಲ್ ಕಾಯುತ್ತಿದ್ದವನು ಬುಟ್ಟಿ ಕಾಯಲು ಬಂದ

ಜೂನ್ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆ ಬಾಸ್ಕೆಟ್‌ಬಾಲ್ ಕೋರ್ಟು ಇದ್ದೂ ಇಲ್ಲದ ಹಾಗೆ. ಸಿಮೆಂಟಿನ ಮೇಲೆ ಪಾಚಿ ಕಟ್ಟುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಕಡ್ಡಿಪೊರಕೆಯಲ್ಲಿ ತಿಕ್ಕಿದರೆ ಒಂದೆರಡು ದಿನ ಚೆಂದ, ಆಮೇಲೆ ಮತ್ತೆ ಕಾಲಿಟ್ಟಲ್ಲಿ ಜಾರಿಕೆ. ಅದಕ್ಕೇ ಮಳೆಗಾಲದಲ್ಲಿ ನನ್ನ ಬಾಸ್ಕೆಟ್‌ಬಾಲ್ ಮಕ್ಕಳು ಕೆಸರಲ್ಲಿ ಕಬಡ್ಡಿ ಆಡುತ್ತಾರೆ, ಜಗಲಿ ಇದ್ದಲ್ಲಿ ಖೋ ಖೋ ಓಡುತ್ತಾರೆ.

ಪೋಷಕರಿಗೆ ಇದು ಹಿಡಿಸುವುದಿಲ್ಲ. "ಎಂತ ಮೇಷ್ಟ್ರೆ, ಒಂದೇ ಆಟ ಗಟ್ಟಿ ಮಾಡಿದ್ರೆ ಸಿಇಟಿ ಕ್ರೀಡಾ ಕೋಟಾಕ್ಕಾದ್ರೂ ಆಗ್ತಿತ್ತು. ನೀವು ಎಲ್ಲಾ ಆಡಿಸಿ ಯಾವ್ದಕ್ಕೂ ಇಲ್ಲದ ಹಾಗೆ ಮಾಡ್ತೀರಿ" ಅಂದರು ಒಬ್ಬ ಹುಡುಗಿಯ ಅಪ್ಪ. ಅಡಿಕೆ ತೋಟದವರು, ಲೆಕ್ಕದ ಮನುಷ್ಯ. ಅವರಿಗೆ ನಾನು ಫೋನಿನಲ್ಲಿ ಬಾಸ್ಕೆಟ್‌ಬಾಲ್ ದಿಗ್ಗಜ ಹಕೀಮ್ ಒಲಾಜುವಾನ್ ವಿಡಿಯೊ ತೋರಿಸಿದೆ.

ಹಕೀಮ್ ಹುಟ್ಟಿದ್ದು 1963ರಲ್ಲಿ, ನೈಜೀರಿಯಾದ ಲಾಗೋಸ್‌ನಲ್ಲಿ. ಹುಡುಗನಾಗಿದ್ದಾಗ ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್, ಜೊತೆಗೆ ಹ್ಯಾಂಡ್‌ಬಾಲ್. ಬಾಸ್ಕೆಟ್‌ಬಾಲ್ ಮುಟ್ಟಿದ್ದೇ ಹದಿಹರೆಯದ ಕೊನೆಗೆ. ನಮ್ಮಲ್ಲಿ ಎಂಟನೇ ಕ್ಲಾಸಿಗೆ ಬಂದವನಿಗೇ "ತಡ ಆಯ್ತು" ಅನ್ನುತ್ತೇವೆ. 1980ರಲ್ಲಿ ಹಕೀಮ್ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯ ಸೇರಿದ, ಮೊದಲ ಸೀಸನ್ ಆಡಲೇ ಇಲ್ಲ. ಬೇಸಿಗೆಯಲ್ಲಿ ಅದೇ ಊರಿನ ಫೋಂಡೆ ಜಿಮ್‌ಗೆ ಹೋಗಿ ಆಗಲೇ ಎನ್‌ಬಿಎ (ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್) ದಿಗ್ಗಜನಾಗಿದ್ದ ಮೋಸೆಸ್ ಮಲೋನ್ ಎದುರು ಮೈಯೊಡ್ಡಿ ಕಲಿತ. 1984ರ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವಲ್ಲಿ, ಹ್ಯೂಸ್ಟನ್ ರಾಕೆಟ್ಸ್ ತಂಡ ಇವನನ್ನೇ ಮೊದಲು ಆರಿಸಿತು. ಮೈಕೆಲ್ ಜೋರ್ಡನ್ ಆ ವರ್ಷ ಮೂರನೆಯವನು!

ಹಕೀಮ್‌ನ 3,830 ಬ್ಲಾಕ್‌ಗಳ (ಎದುರಾಳಿ ಬುಟ್ಟಿಗೆ ಎಸೆದ ಚೆಂಡನ್ನು ತಡೆಯುವುದು) ಎನ್‌ಬಿಎ ದಾಖಲೆ ಇವತ್ತಿಗೂ ಯಾರೂ ಮುರಿದಿಲ್ಲ. ಗೋಲ್ ಕಾಯುತ್ತಿದ್ದವನು ಬುಟ್ಟಿ ಕಾಯಲು ಬಂದ, ಅಷ್ಟೇ. ನನಗೆ ಅದಕ್ಕಿಂತ ಹೆಚ್ಚು ಹಿಡಿಸುವುದು 1988-89ರ ಸೀಸನ್. 282 ಬ್ಲಾಕ್ ಜೊತೆಗೆ 213 ಸ್ಟೀಲ್. ಏಳಡಿ ಹತ್ತಿರದ ಆಳು, ಕಡಿಮೆ ಎತ್ತರದ ಚುರುಕು ಗಾರ್ಡ್‌ಗಳ ಹಾಗೆ ಚೆಂಡು ಕಸಿಯುವುದೆಂದರೆ ಕಾಲು ಎಷ್ಟು ಹಗುರ ಇರಬೇಕು!

ಆ ಅಪ್ಪನಿಗೆ ತೋರಿಸಿದ್ದು 1995ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್. ಎದುರಿಗೆ ಡೇವಿಡ್ ರಾಬಿನ್‌ಸನ್, ಆ ಸೀಸನ್ನಿನ ಎಂವಿಪಿ, ಅಂದರೆ ಅತ್ಯುತ್ತಮ ಆಟಗಾರ. ಹಕೀಮ್ ಬುಟ್ಟಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಭುಜ ಒಂದು ಕಡೆ ವಾಲಿಸುತ್ತಾನೆ, ರಾಬಿನ್‌ಸನ್ ಭಾರ ಅತ್ತ ಹೋಗುತ್ತದೆ. ಒಂದು ಪಾದ ನೆಲಕ್ಕೆ ಊರಿದ ಹಾಗೇ ಇರುತ್ತದೆ, ಇನ್ನೊಂದು ಸರ್ರನೆ ತಿರುಗುತ್ತದೆ. ರಾಬಿನ್‌ಸನ್ ಗಾಳಿಗೆ ಹಾರಿರುತ್ತಾನೆ, ಇವನು ಅವನ ತೋಳಿನಡಿಯಿಂದ ಚೆಂಡು ಹಾಕಿ ಮುಗಿಸಿರುತ್ತಾನೆ. ಇದಕ್ಕೇ 'ಡ್ರೀಮ್ ಶೇಕ್' ಅಂತ ಹೆಸರು. ಈ ಕಾಲಾಟ ಫುಟ್‌ಬಾಲ್‌ನಿಂದ ಬಂದದ್ದು ಅಂತ ಅವನೇ ಹೇಳಿಕೊಂಡಿದ್ದಾನೆ. ರಾಕೆಟ್ಸ್ ಆ ಸರಣಿಯನ್ನು 4-2ರಲ್ಲಿ ಗೆದ್ದು, 1994ರ ಹಿಂದೆಯೇ 1995ರಲ್ಲೂ ಚಾಂಪಿಯನ್ ಆಯಿತು.

"ಇದು ನಮ್ಮ ಕಬಡ್ಡಿ ರೈಡೇ ಅಲ್ವನ" ಅಂದರು ಆ ಅಪ್ಪ. ಮೂರು ಸಲ ಹಿಂದಕ್ಕೆ ಎಳೆದು ನೋಡಿದರು.

ಹೌದು ಮಾರಾಯ್ರೆ, ಅದೇ. ರೈಡರ್ ಕಣ್ಣು ಒಂದು ಮೂಲೆಗೆ, ಕಾಲು ಇನ್ನೊಂದು ಮೂಲೆಗೆ. ಅವರ ಮಗಳು ರೈಡರ್ ಆಗಿಯೇ ಬಂದವಳು. ಪಿವಟ್, ಅಂದರೆ ಒಂದು ಪಾದ ಊರಿ ಇನ್ನೊಂದರಲ್ಲಿ ತಿರುಗುವುದು, ಹೇಳಿಕೊಟ್ಟ ದಿನವೇ ಮಾಡಿ ತೋರಿಸಿದಳು. ನಾಲ್ಕು ವರ್ಷದಿಂದ ಬರೀ ಬಾಸ್ಕೆಟ್‌ಬಾಲ್ ಆಡಿದವರು ಇನ್ನೂ ಟ್ರಾವೆಲಿಂಗ್ ತಪ್ಪಿಗೆ (ಚೆಂಡು ನೆಲಕ್ಕೆ ಬಡಿಯದೆ ಹೆಚ್ಚು ಹೆಜ್ಜೆ ಇಡುವುದು) ರೆಫರಿಯ ಸೀಟಿ ಕೇಳಿ ನಿಲ್ಲುತ್ತಾರೆ.

ಹಾಗಂತ ಕಬಡ್ಡಿ ಆಡಿದ ಮಾತ್ರಕ್ಕೆ ಎಲ್ಲರೂ ಹಕೀಮ್ ಆಗುವುದಿಲ್ಲ. ಅವನ ಎತ್ತರ ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಕಬಡ್ಡಿಯಿಂದ ಬರುವುದೆಲ್ಲ ಒಳ್ಳೆಯದೂ ಅಲ್ಲ. ಶಿವಮೊಗ್ಗದಲ್ಲಿ ಮೊನ್ನೆ ಆಡಿದ ಪಂದ್ಯದಲ್ಲಿ ಹುಡುಗಿ ಐದು ಫೌಲ್ ತುಂಬಿಸಿ ಹೊರಗೆ ಕೂತಳು. ಕೊನೆಯದರಲ್ಲಿ ಬುಟ್ಟಿಯ ಹತ್ತಿರ ಓಡಿ ಚೆಂಡು ಹಾಕಲು (ಲೇ ಅಪ್‌ಗೆ) ಹೊರಟವಳ ಸೊಂಟವನ್ನೇ ತಬ್ಬಿ ಹಿಡಿದಿದ್ದಳು, ರೆಫರಿಗೂ ನಗು ತಡೆಯಲಾಗಲಿಲ್ಲ. ಈ ಕೈಚಾಳಿ ಬಿಡಿಸುವುದಕ್ಕೆ ಈಗ ದಿನಾ ಸಂಜೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಡಿಫೆನ್ಸ್ ಆಡಿಸುತ್ತಿದ್ದೇನೆ. ಬೈದುಕೊಂಡೇ ಆಡುತ್ತಾಳೆ.