ಪುಸ್ತಕ ಓದಿ ಕೆಟ್ಟವರು

11 ಜುಲೈ 2025, ಶುಕ್ರವಾರ
ಮೈಸೂರು

ಅಣ್ಣನ ಮಗನ ತಲೆ ಕೆಡಿಸಿದೆ ಎನ್ನಲಾದ ಇಂಗ್ಲಿಷ್ ಪುಸ್ತಕವನ್ನು ನಾನೂ ತಿರುವಿ ಹಾಕಿದೆ. ಪುಟಪುಟಕ್ಕೂ ಆಸ್ತಿಕರಿಗೆ ಬೈಗುಳ. ಬೈಸಿಕೊಂಡವನಿಗೆ ಮೊದಲು ತೋಚುವುದು ಜಗಳ; ಯೋಚನೆಯ ಸರದಿ ಆಮೇಲೆ, ಬಂದರೆ. ಹಬ್ಬ ಬಿಟ್ಟರೆ ದೇವರ ಮನೆಯತ್ತ ತಲೆ ಹಾಕದ ನಾನೇ ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ದೇವರ ಪರ ವಕಾಲತ್ತು ವಹಿಸಿಬಿಟ್ಟಿದ್ದೆ!

‘ಇದನ್ನು ಓದಿಯೇ ನಂಬಿಕೆ ಬಿಟ್ಟೆಯೇನೋ?’ ಎಂದು ಹುಡುಗನನ್ನು ಕೇಳಿದೆ.

‘ಇಲ್ಲ ಚಿಕ್ಕಪ್ಪ. ತಾತ ಆಸ್ಪತ್ರೆಯಲ್ಲಿದ್ದಾಗ ಹರಕೆಯ ಮೇಲೆ ಹರಕೆ ಹೊತ್ತೆವಲ್ಲ, ಆಗಲೇ ಹೋಗಿತ್ತು. ಹೇಳಲು ಧೈರ್ಯ ಬಂದದ್ದು ಈಗ.’

ಅಲುಗಾಡುತ್ತಿದ್ದ ಹಲ್ಲನ್ನು ಪುಸ್ತಕ ಕಿತ್ತಿದೆ, ಅಷ್ಟೇ.

ಹಾಗೆಂದು ಪುಸ್ತಕದಿಂದ ಏನೂ ಆಗದು ಎನ್ನಲಾರೆ. ಹದಿನೆಂಟರ ಹರೆಯದಲ್ಲಿ ಜಾನ್ ಸ್ಟುವರ್ಟ್ ಮಿಲ್‌ನ ಆತ್ಮಕಥೆ ಓದುವವರೆಗೂ, ಜಗತ್ತಿಗೊಂದು ಆದಿಕಾರಣ ಇರಲೇಬೇಕು ಎಂದು ತಾನು ಒಪ್ಪಿದ್ದಾಗಿ ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1927ರ ಲಂಡನ್ ಉಪನ್ಯಾಸದಲ್ಲಿ ಹೇಳಿದ್ದಾನೆ. ನಮ್ಮನ್ನು ಮಾಡಿದವರು ಯಾರು ಎಂದು ಕೇಳಿದರೆ, ದೇವರನ್ನು ಮಾಡಿದವರು ಯಾರು ಎಂಬ ಪ್ರಶ್ನೆಯೂ ಹಿಂದೆಯೇ ಬರುತ್ತದಲ್ಲ ಎಂಬ ಒಂದು ಮಾತು ಸಾಕಾಯಿತಂತೆ. ಅದರಲ್ಲಿ ಬೈಗುಳವಿಲ್ಲ, ನೋಡಿ.

ಅಂಬೇಡ್ಕರ್ ಅವರದು ಇನ್ನೂ ದೀರ್ಘ ಕಥೆ. 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೇಳೂಸ್ಕರ್ ಗುರುಗಳು ತಾವೇ ಬರೆದ ಬುದ್ಧ ಚರಿತ್ರೆಯನ್ನು ಉಡುಗೊರೆಯಾಗಿ ಕೊಟ್ಟಿದ್ದರು. ನಾಗಪುರದಲ್ಲಿ ಬೌದ್ಧ ದೀಕ್ಷೆ ಆದದ್ದು 1956ರ ಅಕ್ಟೋಬರ್ 14ರಂದು. ನಡುವೆ ಅವರು ನುಂಗಿದ ಅವಮಾನಗಳನ್ನು ಬದಿಗಿಟ್ಟು ಪುಸ್ತಕವೊಂದಕ್ಕೇ ಹಾರ ಹಾಕುವುದು ಅನ್ಯಾಯ. ಆದರೆ ಅದು ಕೈಗೆ ಬರದಿದ್ದರೆ ಆ ದಾರಿ ಬುದ್ಧನತ್ತಲೇ ತಿರುಗುತ್ತಿತ್ತೇ?

ಇಂದು ಆಷಾಢ ಶುಕ್ರವಾರ. ನನ್ನವಳು ಚಾಮುಂಡಿ ಬೆಟ್ಟದ ಮೆಟ್ಟಿಲುಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತಿದಳು. ಪೊಟ್ಟಣ ಹಿಡಿದು ಪಕ್ಕದಲ್ಲೇ ಹತ್ತಿದವನು ನಮ್ಮ ನಾಸ್ತಿಕ. ದೊಡ್ಡ ನಂದಿಯ ಬಳಿ ಬರುವಷ್ಟರಲ್ಲಿ ಅವನ ಉಗುರಿನ ಸಂದಿಯೆಲ್ಲ ಕೆಂಪು. ‘ಚಿಕ್ಕಮ್ಮನಿಗೆ ಸೊಂಟ ನೋವು, ಅದಕ್ಕೆ ಬಂದೆ’ ಎಂದು ಯಾರೂ ಕೇಳದಿದ್ದರೂ ಸಮಜಾಯಿಷಿ ಬೇರೆ.

ನನ್ನನ್ನು ನಿಜವಾಗಿ ಕಾಡಿದ್ದು ಎ. ಎನ್. ಮೂರ್ತಿರಾಯರ ‘ದೇವರು’. 1900ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿ, ಇಲ್ಲಿನ ಮಹಾರಾಜ ಕಾಲೇಜಿನಲ್ಲಿ ಓದಿ, ಇಂಗ್ಲಿಷ್ ಮೇಷ್ಟರಾದವರು, ತೊಂಬತ್ತರ ಆಸುಪಾಸಿನಲ್ಲಿ ಅದನ್ನು ಬರೆದರು. ದೇವರಿಲ್ಲ ಎಂಬ ಕಡೆಗೇ ಅವರ ವಾದ. ಆದರೆ ಕೈ ಮುಗಿಯುವವರನ್ನು ಹೀಯಾಳಿಸುವ ಚಪಲವಿಲ್ಲ. ಜಗಳಕ್ಕೆ ಎದುರಾಳಿಯೇ ಸಿಗದೆ ಪೇಚಿಗೆ ಬಿದ್ದೆ. ಅದನ್ನು ಓದಿದ ಮೇಲೂ ಕೈ ಮುಗಿಯುತ್ತೇನೆ, ಆದರೆ ಏನನ್ನೂ ಬೇಡುವುದು ನಿಂತುಹೋಗಿದೆ. ಕೆರಳಿಸುವ ಪುಸ್ತಕಕ್ಕೆ ಇಷ್ಟು ಮಾಡಲಾಗುತ್ತಿರಲಿಲ್ಲ.

ರಾತ್ರಿ ಮಂಡ್ಯದಿಂದ ಅಣ್ಣನ ಫೋನ್. ದಿನಪತ್ರಿಕೆ ಬಿಟ್ಟು ಬೇರೇನೂ ಓದುವವನಲ್ಲ ಅವನು. ‘ನಿನ್ನ ಕಪಾಟಿನಿಂದಲೇ ಹುಡುಗ ಹಾಳಾದ’ ಎಂದು ರೇಗಾಡಿದ. ಭಾನುವಾರ ಬರುವಾಗ ನಿನಗೂ ಒಂದು ಪುಸ್ತಕ ತರುತ್ತೇನಣ್ಣ ಎಂದೆ.

‘ಯಾವುದು?’

‘ದೇವರು.’

‘ಹಾಂ, ಇಂಥದ್ದನ್ನು ಮೊದಲು ಅವನಿಗೆ ಓದಿಸು’ ಎಂದು ಫೋನ್ ಇಟ್ಟ.