ಉಬ್ಬು ನೆತ್ತಿಯ 747

ವಿಮಾನ ನಿಲ್ದಾಣದ ಬೇಲಿಯ ಹೊರಗೆ ದುರ್ಬೀನು ಹಿಡಿದು ಗಂಟೆಗಟ್ಟಲೆ ನಿಲ್ಲುವ ನಾನು, ಎಷ್ಟೇ ದೂರದ ಮಬ್ಬಿನಲ್ಲಿಯೂ ತಟ್ಟನೆ ಗುರುತಿಸುವ ವಿಮಾನವೆಂದರೆ ಬೋಯಿಂಗ್ 747. ಅದರ ನೆತ್ತಿಯ ಉಬ್ಬು ಅಲಂಕಾರಕ್ಕಾಗಿ ಬಂದದ್ದಲ್ಲ. ಶಬ್ದಾತೀತ ವೇಗದ ವಿಮಾನಗಳು ಬಂದು ಪ್ರಯಾಣಿಕರನ್ನೆಲ್ಲ ಸೆಳೆದುಕೊಳ್ಳುತ್ತವೆಂದು 1960ರ ದಶಕದಲ್ಲಿ ಹಲವರು ನಂಬಿದ್ದರಿಂದ, ಇದು ಮುಂದೆ ಸರಕು ಸಾಗಣೆಗೂ ಒದಗಬೇಕೆಂದು ಬೋಯಿಂಗ್‌ನ ಎಂಜಿನಿಯರ್ ಜೋ ಸಟರ್ ನೇತೃತ್ವದ ತಂಡವು ಚಾಲಕರ ಕೋಣೆಯನ್ನು ಮೇಲಕ್ಕೇರಿಸಿತು. ಆಗ ಮೂತಿಯನ್ನೇ ಬಾಗಿಲಿನಂತೆ ಎತ್ತಿ ಸರಕನ್ನು ನೇರವಾಗಿ ಒಳಗೆ ತಳ್ಳಬಹುದಿತ್ತು. ತಪ್ಪಿಹೋದ ಊಹೆಯೊಂದರಿಂದ ಇಷ್ಟು ಚೆಲುವಾದ ಆಕಾರ ಹುಟ್ಟಿತೆಂಬುದು ನನಗೆ ಇಂದಿಗೂ ಬೆರಗು.

1969ರ ಫೆಬ್ರವರಿ 9ರಂದು ಮೊದಲು ಹಾರಿದ ಇದು, ಮರುವರ್ಷದ ಜನವರಿಯಲ್ಲಿ ಅಮೆರಿಕದ ಪ್ಯಾನ್ ಆಮ್ ವಿಮಾನಯಾನ ಸಂಸ್ಥೆಯ ಸೇವೆಗೆ ಸೇರಿತು.

ನಾನು ಮೊದಲು ನೋಡುವುದು ರೆಕ್ಕೆಯ ತುದಿಯನ್ನು: 747-400 ಎಂಬ ಮಾದರಿಯಲ್ಲಿ ಅದು ಸಾಮಾನ್ಯವಾಗಿ ಮೇಲಕ್ಕೆ ಎದ್ದು ನಿಂತಿರುತ್ತದೆ, ಆಮೇಲಿನ 747-8 ಮಾದರಿಯಲ್ಲಿ ಹಿಂದಕ್ಕೆ ಬಾಗಿ ಚೂಪಾಗುತ್ತದೆ. ಇಳಿಯುವಾಗ ಹೊಟ್ಟೆ ಹಾಗೂ ರೆಕ್ಕೆಗಳಡಿಯ 16 ಗಾಲಿಗಳು ನೆಲ ಮುಟ್ಟಿ, ಟೈರುಗಳಿಂದ ಬೂದುಬಣ್ಣದ ಹೊಗೆ ಚಿಮ್ಮಿ, ಆಮೇಲಷ್ಟೇ ಮೂತಿಯ ಗಾಲಿಗಳು ನಿಧಾನವಾಗಿ ಕೆಳಗಿಳಿಯುವ ಆ ಕ್ಷಣಕ್ಕಾಗಿಯೇ ನಾನು ಕಾಯುತ್ತೇನೆ.

1574ನೆಯದೂ ಕೊನೆಯದೂ ಆದ 747, 2023ರ ಜನವರಿಯಲ್ಲಿ ಹಸ್ತಾಂತರವಾಯಿತು. ಅದು ಸರಕು ವಿಮಾನವಾಗಿತ್ತು.